ಅರ್ಧ ಶುಲ್ಕ ಮಾಫಿ, ಹತ್ತು ದಿನದ ಗಡುವು

ಪ್ರಶ್ನೆ: ನಮ್ಮದು ಹಾವೇರಿ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ. ನಮ್ಮ ಮನೆಯವರು ಸಾರಿಗೆ ಸಂಸ್ಥೆಯಲ್ಲಿ ಕಂಡಕ್ಟರ್, ನಾನು ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. ಇಬ್ಬರದೂ ಸೇರಿ ವರ್ಷದ ಆದಾಯ ಆರು ಲಕ್ಷ ದಾಟುವುದಿಲ್ಲ. ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಈ ಸಲ ಪಿಯುಸಿ ಸೈನ್ಸ್‌ನಲ್ಲಿ ಶೇ 94 ತೆಗೆದಿದ್ದಾಳೆ. ಸಿಇಟಿ ಬರೆದಿದ್ದಾಳೆ, ಫಲಿತಾಂಶ ಇನ್ನೂ ಬಂದಿಲ್ಲ. ಬೆಂಗಳೂರಿನ ಒಂದು ಖಾಸಗಿ ವಿಶ್ವವಿದ್ಯಾಲಯದವರು ನಡೆಸಿದ ಪ್ರವೇಶ ಪರೀಕ್ಷೆಯನ್ನೂ ಬರೆದಿದ್ದಳು. ಕಂಪ್ಯೂಟರ್ ಸೈನ್ಸ್ ಸೀಟು ಕೊಟ್ಟಿದ್ದೇವೆ, ಬೋಧನಾ ಶುಲ್ಕದಲ್ಲಿ ಶೇ 50 ಮೆರಿಟ್ ಸ್ಕಾಲರ್‌ಶಿಪ್ ಇದೆ ಎಂದು ಅಲ್ಲಿಂದ ಪತ್ರ ಬಂದಿದೆ. ಹತ್ತು ದಿನದೊಳಗೆ ಒಂದು ಲಕ್ಷ ಕಟ್ಟಬೇಕಂತೆ, ಇಲ್ಲದಿದ್ದರೆ ಸ್ಕಾಲರ್‌ಶಿಪ್ ಬೇರೆಯವರ ಪಾಲಂತೆ. ದಿನಾ ಫೋನ್ ಬರುತ್ತಿದೆ. ‘ಮಗಳ ಬುದ್ಧಿಗೆ ಸಿಕ್ಕ ಮರ್ಯಾದೆ, ಬಿಡೋದು ಬ್ಯಾಡ’ ಅಂತಾರೆ ಮನೆಯವರು. ನನ್ನ ಬಂಗಾರ ಅಡವಿಡುವ ಮಾತೂ ಆಗಿದೆ. ಇತ್ತ ಅವಳಿಗಿಂತ ಕಡಿಮೆ ಅಂಕ ತೆಗೆದ ಗೆಳತಿಗೆ ಅಲ್ಲೇ, ಬೇರೆ ಬ್ರಾಂಚಿಗೆ, ಶೇ 75 ಸಿಕ್ಕಿದೆ. ಅದು ಗೊತ್ತಾದಾಗಿನಿಂದ ಮಗಳು ಸರಿಯಾಗಿ ಊಟ ಮಾಡುತ್ತಿಲ್ಲ. ‘ಅವ್ವಾ, ನಾನು ಅಷ್ಟೇನೂ ಶ್ಯಾಣೆ ಅಲ್ಲ ಅನ್ಸುತ್ತ’ ಅಂತಾಳೆ. ಪತ್ರದ ನಕಲು ಕಳಿಸಿದ್ದೇನೆ. ಹಣ ಕಟ್ಟಬೇಕೋ ಬೇಡವೋ ಹೇಳಿ.
– ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ತಾಯೀ, ನಿಮ್ಮ ಬಂಗಾರ ಪೆಟ್ಟಿಗೆಯಲ್ಲೇ ಇರಲಿ. ಸಿಇಟಿ ಫಲಿತಾಂಶ ಬರುವ ಮುಂಚೆ, ಈಗಿರುವ ಷರತ್ತುಗಳ ಮೇಲೆ, ಅಡವಿಟ್ಟು ಆ ಒಂದು ಲಕ್ಷ ಕಟ್ಟಬೇಡಿ. ಕಾರಣಗಳನ್ನು ಹೇಳುತ್ತೇನೆ. ಅದಕ್ಕೂ ಮೊದಲು ಮಗಳ ಮಾತಿಗೆ ಉತ್ತರ ಕೊಡಬೇಕು, ಯಾಕೆಂದರೆ ನಿಮ್ಮ ಇಡೀ ಪತ್ರದಲ್ಲಿ ನನ್ನನ್ನು ಕಾಡಿದ್ದು ಅವಳ ಆ ಒಂದು ವಾಕ್ಯ.

ಗೆಳತಿಗೆ ಶೇ 75 ಸಿಕ್ಕಿದ್ದು ಬೇರೆ ಬ್ರಾಂಚಿಗೆ ಎಂದು ನೀವೇ ಬರೆದಿದ್ದೀರಿ. ವಿಷಯ ಅಲ್ಲೇ ಇದೆ. ಕಂಪ್ಯೂಟರ್ ಸೈನ್ಸ್‌ಗೆ ಮಕ್ಕಳು ತಾವಾಗಿಯೇ ಮುಗಿಬೀಳುತ್ತಾರೆ, ಆ ಸೀಟಿಗೆ ದೊಡ್ಡ ರಿಯಾಯಿತಿ ಕೊಡುವ ಅಗತ್ಯ ಕಾಲೇಜಿಗೆ ಇರುವುದಿಲ್ಲ. ಸಿವಿಲ್, ಮೆಕ್ಯಾನಿಕಲ್ ಸೀಟುಗಳು ಎಷ್ಟೋ ಕಡೆ ಖಾಲಿ ಉಳಿಯುತ್ತವೆ. ಅವುಗಳನ್ನು ತುಂಬಲು ಹೆಚ್ಚು ಬಿಡಬೇಕಾಗುತ್ತದೆ. ಅದರ ಜೊತೆಗೆ ಅವರದೇ ಪರೀಕ್ಷೆಯ ರ್‍ಯಾಂಕ್, ಅರ್ಜಿ ಹಾಕಿದ ತಿಂಗಳು, ಆ ಹೊತ್ತಿಗೆ ಉಳಿದಿದ್ದ ಸೀಟು, ಇವೆಲ್ಲ ಸೇರುತ್ತವೆ. ಎರಡು ವರ್ಷ ಕೂತು ಓದಿ ಬೋರ್ಡ್ ಪರೀಕ್ಷೆಯಲ್ಲಿ ಶೇ 94 ತೆಗೆದ ಹುಡುಗಿಯ ಬುದ್ಧಿಯನ್ನು ಇಂಥ ಪತ್ರದ ಶೇಕಡಾವಾರು ಅಳೆಯುವುದಿಲ್ಲ. ಇದನ್ನು ಅವಳಿಗೆ ಓದಿ ಹೇಳಿ. ಮನೆಯವರಿಗೂ ಹೇಳಿ. ಈ ಪತ್ರವನ್ನು ಮರ್ಯಾದೆಯೆಂದು ತಿಳಿದರೆ, ಬೇಡ ಎನ್ನುವುದು ಮಗಳಿಗೆ ಮಾಡಿದ ಅವಮಾನದಂತೆ ಅವರಿಗೆ ಕಾಣುತ್ತದೆ. ಬೆಲೆಯಲ್ಲಿ ಮಾಡಿದ ಕಡಿತವೆಂದು ತಿಳಿದರೆ ಲೆಕ್ಕ ಹಾಕಲು ಸುಲಭ.

ಎಲ್ಲ ಮೆರಿಟ್ ಸ್ಕಾಲರ್‌ಶಿಪ್ಪುಗಳೂ ಹೀಗೇ ಎಂದು ನಾನು ಹೇಳುತ್ತಿಲ್ಲ. ವೆಲ್ಲೂರಿನ ವಿಐಟಿಯಲ್ಲಿ ರಾಜ್ಯ ಬೋರ್ಡಿಗೆ ಮೊದಲ ಸ್ಥಾನ ಬಂದವರಿಗೆ ಪೂರ್ತಿ ಬೋಧನಾ ಶುಲ್ಕ ಮಾಫಿ ಮಾಡುವ ಯೋಜನೆ ಇದೆ. ಯಾರಿಗೆ, ಎಷ್ಟು ಎಂಬುದು ಮೊದಲೇ ಪ್ರಕಟವಾಗಿರುತ್ತದೆ. ಅದು ನಿಜವಾದ ಬಹುಮಾನ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ದಾರಿ ಇನ್ನೊಂದು. ಅಲ್ಲಿ ಪ್ರವೇಶ ಸಿಕ್ಕ ಮೇಲೆ ಶುಲ್ಕದಲ್ಲಿ ಎಷ್ಟು ಮಾಫಿ ಎಂಬುದನ್ನು ಕುಟುಂಬದ ಆದಾಯ ನೋಡಿ ತೀರ್ಮಾನಿಸುತ್ತಾರೆ. ನನ್ನ ಮಟ್ಟಿಗೆ ನಮ್ಮಂಥ ನಾಡಿಗೆ ಹೆಚ್ಚು ಬೇಕಾದದ್ದು ಈ ಎರಡನೆಯ ಬಗೆ. ಕಂಡಕ್ಟರ್ ಮನೆಯ ಮಗುವಿಗೂ ಡಾಕ್ಟರ್ ಮನೆಯ ಮಗುವಿಗೂ ಒಂದೇ ಅಂಕಕ್ಕೆ ಒಂದೇ ರಿಯಾಯಿತಿ ಕೊಟ್ಟರೆ, ಮೊದಲನೆಯ ಮನೆ ಬಂಗಾರ ಅಡವಿಡುತ್ತದೆ, ಎರಡನೆಯದು ಉಳಿದ ಹಣವನ್ನು ಬ್ಯಾಂಕಿನಲ್ಲಿಡುತ್ತದೆ. ಇದನ್ನು ನ್ಯಾಯ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಈಗ ನಿಮ್ಮ ಕೈಯಲ್ಲಿರುವ ಪತ್ರಕ್ಕೆ ಬರೋಣ. ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ‘ಶೇ 50’ ಇದೆ. ಎರಡನೇ ಪುಟದ ಕೆಳಭಾಗವನ್ನು ನೀವು ನೋಡಿದ ಹಾಗೆ ಕಾಣಲಿಲ್ಲ. ಬೋಧನಾ ಶುಲ್ಕ ವರ್ಷಕ್ಕೆ 4,80,000 ರೂಪಾಯಿ, ಅರ್ಧ ಕಳೆದರೆ 2,40,000. ಹಾಸ್ಟೆಲ್ ಮತ್ತು ಊಟಕ್ಕೆ 1,60,000. ‘ಇತರೆ ಶುಲ್ಕ’ ಎಂದು 45,000. ಈ ಎರಡಕ್ಕೂ ರಿಯಾಯಿತಿ ಇಲ್ಲ. ಅಲ್ಲಿಗೆ ನೀವು ವರ್ಷಕ್ಕೆ ಕಟ್ಟಬೇಕಾದದ್ದು 4,45,000, ನಾಲ್ಕು ವರ್ಷಕ್ಕೆ 17,80,000. ಅದರ ಕೆಳಗೆ ಇನ್ನೂ ಸಣ್ಣ ಅಕ್ಷರದಲ್ಲಿ ಷರತ್ತಿದೆ: ಪ್ರತಿ ವರ್ಷ ಸಿಜಿಪಿಎ 8.5 ಉಳಿಸಿಕೊಳ್ಳಬೇಕು, ಒಂದು ವಿಷಯದಲ್ಲೂ ಬ್ಯಾಕ್‌ಲಾಗ್ ಇರಬಾರದು, ಹಾಜರಿ ಶೇ 85 ಇರಬೇಕು. ತಪ್ಪಿದರೆ ಮರುವರ್ಷದಿಂದ ಪೂರ್ತಿ ಶುಲ್ಕ.

ಊರಿನ ಪಿಯು ಕಾಲೇಜಿನಿಂದ ಮೊದಲ ಸಲ ಬೆಂಗಳೂರಿನ ಹಾಸ್ಟೆಲಿಗೆ ಹೋಗುವ ಹುಡುಗಿಗೆ ಮೊದಲ ವರ್ಷವೇ ಕಷ್ಟದ್ದು. ಇಂಗ್ಲಿಷಿನಲ್ಲಿ ವೇಗವಾಗಿ ಸಾಗುವ ಪಾಠ, ಎಂದೂ ಮುಟ್ಟದ ಪ್ರೋಗ್ರಾಮಿಂಗ್, ಇಂಜಿನಿಯರಿಂಗ್ ಗಣಿತ, ಮನೆಯ ನೆನಪು. ಇಂಥ ಮಕ್ಕಳು ಮೊದಲ ಸೆಮಿಸ್ಟರಿನಲ್ಲಿ 7.8 ತೆಗೆದು, ಮೂರನೆಯದರ ಹೊತ್ತಿಗೆ 9 ಮುಟ್ಟಿದ್ದನ್ನು ನಾನು ಕಂಡಿದ್ದೇನೆ. ಆದರೆ ಷರತ್ತು ಮೂರನೇ ಸೆಮಿಸ್ಟರಿನವರೆಗೆ ಕಾಯುವುದಿಲ್ಲ. ಎರಡನೇ ವರ್ಷದಿಂದ ಸ್ಕಾಲರ್‌ಶಿಪ್ ಹೋಯಿತೆನ್ನಿ, ಮೂರು ವರ್ಷಕ್ಕೆ 7,20,000 ಹೆಚ್ಚಾಗಿ ಒಟ್ಟು ಮೊತ್ತ 25 ಲಕ್ಷವಾಗುತ್ತದೆ. ವರ್ಷ ವರ್ಷ ಶುಲ್ಕ ಏರುವ ಮಾತು ಬೇರೆ. ವರ್ಷಕ್ಕೆ ಆರು ಲಕ್ಷ ದುಡಿಯುವ, ಇನ್ನೊಬ್ಬ ಮಗಳನ್ನೂ ಓದಿಸಬೇಕಾದ ಮನೆಗೆ ಈ ಮೊತ್ತದ ಅರ್ಥವೇನೆಂದು ನಿಮಗೆ ನಾನು ವಿವರಿಸಬೇಕಿಲ್ಲ. ಅದಕ್ಕಿಂತ ಹೆಚ್ಚಾಗಿ, ಪ್ರತಿ ಪರೀಕ್ಷೆಯ ಹಿಂದಿನ ರಾತ್ರಿ ಅವ್ವನ ಬಂಗಾರ ನೆನಪಾಗುವ ಹುಡುಗಿ ಓದುವುದಾದರೂ ಹೇಗೆ?

4,80,000 ಎಂಬ ಅಂಕಿಯನ್ನು ಯಾರು ನಿಗದಿ ಮಾಡಿದರು ಎಂದು ನೀವು ಕೇಳಬಹುದು. ವಿಶ್ವವಿದ್ಯಾಲಯವೇ. ಅನುದಾನರಹಿತ ಖಾಸಗಿ ಸಂಸ್ಥೆಗಳು ತಮ್ಮ ಶುಲ್ಕದ ಸ್ವರೂಪವನ್ನು ತಾವೇ ರೂಪಿಸಿಕೊಳ್ಳಬಹುದು ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿತು, ಅದೂ ನಮ್ಮ ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ. ಕ್ಯಾಪಿಟೇಷನ್ ಕೂಡದು, ಲಾಭಕೋರತನ ಕೂಡದು ಎಂದೂ ಅದೇ ತೀರ್ಪು ಹೇಳಿತು. ಪೂರ್ತಿ ಬೆಲೆಯನ್ನು ಹೇಳುವವರೇ ಅರ್ಧ ಬೆಲೆಯನ್ನೂ ಹೇಳುವಾಗ, ಎಷ್ಟು ಬಿಟ್ಟರು ಎಂದು ನೋಡಬೇಡಿ, ಕೊನೆಗೆ ನಿಮ್ಮ ಕೈಯಿಂದ ಎಷ್ಟು ಹೋಗುತ್ತದೆ ಎಂದಷ್ಟೇ ನೋಡಿ.

ಇನ್ನು ಸಿಇಟಿ. ನಿಮ್ಮ ಪತ್ರದಲ್ಲಿ ಅದು ಒಂದು ಸಾಲಿನಲ್ಲಿ ಬಂದು ಹೋಗಿದೆ, ಆದರೆ ಮಗಳ ನಿಜವಾದ ಆಸ್ತಿ ಅದೇ. ಇಂಜಿನಿಯರಿಂಗ್ ರ್‍ಯಾಂಕಿಗೆ ಸಿಇಟಿ ಅಂಕ ಅರ್ಧ, ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ ಅರ್ಧ. ಅವಳ ಶೇ 94ರಲ್ಲಿ ಈ ಮೂರು ವಿಷಯಗಳ ಪಾಲು ಚೆನ್ನಾಗಿದ್ದರೆ ರ್‍ಯಾಂಕಿಗೆ ಅದು ದೊಡ್ಡ ಆಸರೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಹಂಚುವ ಸರ್ಕಾರಿ ಕೋಟಾದ ಸೀಟು ಖಾಸಗಿ ಕಾಲೇಜಿನಲ್ಲಿ ಸಿಕ್ಕರೂ ವರ್ಷದ ಶುಲ್ಕ ಒಂದು ಲಕ್ಷದ ಆಚೀಚೆ. ಸರ್ಕಾರಿ ಕಾಲೇಜಿನಲ್ಲಿ ಇನ್ನೂ ಕಡಿಮೆ. ಬಹಳ ಪಾಲಕರಿಗೆ ಗೊತ್ತಿಲ್ಲದ ಸಂಗತಿ ಒಂದಿದೆ: ರಾಜ್ಯದ ಖಾಸಗಿ ವಿಶ್ವವಿದ್ಯಾಲಯಗಳಲ್ಲೂ ಸಾಮಾನ್ಯವಾಗಿ ಶೇ 40ರಷ್ಟು ಸೀಟು ಸರ್ಕಾರಿ ಕೋಟಾಕ್ಕೆ ಸೇರುತ್ತದೆ. ನಿಮಗೆ ಪತ್ರ ಬರೆದ ವಿಶ್ವವಿದ್ಯಾಲಯವೂ ಪ್ರಾಧಿಕಾರದ ಸೀಟು ಪಟ್ಟಿಯಲ್ಲಿ ಇದೆಯೇ ನೋಡಿ. ಇದ್ದರೆ, ಅದೇ ಕೊಠಡಿಯಲ್ಲಿ, ಅದೇ ಬೆಂಚಿನ ಮೇಲೆ, ‘ಅರ್ಧ ಶುಲ್ಕ’ಕ್ಕಿಂತ ಎಷ್ಟೋ ಕಡಿಮೆ ಹಣದಲ್ಲಿ ಅವಳು ಕೂರಬಹುದು. ಗಡುವು ಸೀಟು ಹಂಚಿಕೆಗಿಂತ ಮುಂಚೆಯೇ ಯಾಕೆ ಬರುತ್ತದೆ ಎಂಬುದು ಇಲ್ಲಿಂದ ನಿಮಗೇ ಹೊಳೆದೀತು.

ಸೂಪರ್‌ನ್ಯೂಮರರಿ ಕೋಟಾ ಎಂದೊಂದಿದೆ, ಎಸ್‌ಎನ್‌ಕ್ಯೂ ಎನ್ನುತ್ತಾರೆ. ಎಐಸಿಟಿಇ ಯೋಜನೆಯ ಪ್ರಕಾರ ಮಂಜೂರಾದ ಸೀಟುಗಳ ಮೇಲೆ ಶೇ 5 ಹೆಚ್ಚುವರಿ ಸೀಟು, ಬೋಧನಾ ಶುಲ್ಕ ಪೂರ್ತಿ ಮಾಫಿ, ಕುಟುಂಬದ ಆದಾಯ 8 ಲಕ್ಷದೊಳಗಿರಬೇಕು. ನಿಮ್ಮ ಮನೆ ಇದಕ್ಕೆ ಅರ್ಹ. ಸಿಇಟಿ ಅರ್ಜಿಯಲ್ಲಿ ಆದಾಯದ ವಿವರ ಸರಿಯಾಗಿ ತುಂಬಿದೆಯೇ, ನಾಡಕಚೇರಿಯಿಂದ ಪಡೆದ ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದೆಯೇ ಎಂದು ಇವತ್ತೇ ನೋಡಿ. ಆ ಒಂದು ಕಾಗದದಿಂದ ಸೀಟು ತಪ್ಪಿಸಿಕೊಂಡ ಮಕ್ಕಳಿದ್ದಾರೆ. ಇದರ ಜೊತೆ ಎಐಸಿಟಿಇಯ ‘ಪ್ರಗತಿ’ ವಿದ್ಯಾರ್ಥಿವೇತನ ಹೆಣ್ಣುಮಕ್ಕಳಿಗೆಂದೇ ಇದೆ. ವರ್ಷಕ್ಕೆ 50,000 ರೂಪಾಯಿ, ಆದಾಯದ ಮಿತಿ ಇಲ್ಲೂ 8 ಲಕ್ಷ, ಒಂದು ಮನೆಯ ಇಬ್ಬರು ಹೆಣ್ಣುಮಕ್ಕಳವರೆಗೆ ಅವಕಾಶ. ಹಾಗಾಗಿ ನಿಮ್ಮ ಚಿಕ್ಕವಳಿಗೂ ಇದು ನೆನಪಿರಲಿ. ಕಾಲೇಜಿಗೆ ಎಐಸಿಟಿಇ ಮಾನ್ಯತೆ ಇರಬೇಕು, ಮೊದಲ ವರ್ಷ ಸೇರಿದಾಗಲೇ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು.

ಆಪ್ಷನ್ ಎಂಟ್ರಿ ಮಾಡುವಾಗ ಬೆಂಗಳೂರೊಂದನ್ನೇ ಹಿಡಿದು ಕೂರಬೇಡಿ. ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜು ಈಗ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ, ಅದೂ ಖಾಸಗಿಯೇ, ಅಲ್ಲೂ ಸಿಇಟಿ ಸೀಟುಗಳಿವೆ. ವಾರದ ಕೊನೆಗೆ ಮಗಳು ಬಸ್ ಹತ್ತಿ ಮನೆಗೆ ಬರಬಹುದು. ನಿಮ್ಮ ಜಿಲ್ಲೆಯ ದೇವಗಿರಿಯಲ್ಲೇ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿದೆ. ಬೆಂಗಳೂರೇ ಬೇಕೆಂದರೆ 1917ರಲ್ಲಿ ವಿಶ್ವೇಶ್ವರಯ್ಯನವರು ಕಟ್ಟಿದ ಯುವಿಸಿಇಯನ್ನು ಪಟ್ಟಿಯ ಮೇಲೆಯೇ ಹಾಕಿ. ಮನಸ್ಸಿಗೆ ಹತ್ತಿರವಾದದ್ದು ಮೊದಲು, ಆಮೇಲೆ ಉಳಿದದ್ದು. ‘ನಮಗೆ ಸಿಗಲಾರದು’ ಎಂದು ಒಳ್ಳೆಯ ಕಾಲೇಜನ್ನು ಕೆಳಗೆ ತಳ್ಳಬೇಡಿ. ಅಣಕು ಹಂಚಿಕೆ ಬಂದಾಗ ಎಲ್ಲಿ ನಿಲ್ಲುತ್ತೀರಿ ಎಂಬ ಅಂದಾಜು ಸಿಗುತ್ತದೆ, ಆಗ ಬದಲಿಸಲು ಅವಕಾಶವೂ ಇರುತ್ತದೆ.

‘ಮೊದಲು ಕಟ್ಟೋಣ, ಸಿಇಟಿ ಸೀಟು ಬಂದರೆ ವಾಪಸ್ ಕೇಳೋಣ’ ಎಂದು ಯಾರಾದರೂ ಹೇಳಿಯಾರು. ನಿಯಮ ನಿಮ್ಮ ಪರವಾಗಿಯೇ ಇದೆ. ಯುಜಿಸಿಯ 2018ರ ಅಧಿಸೂಚನೆಯ ಪ್ರಕಾರ, ಪ್ರವೇಶದ ಕೊನೆಯ ದಿನಕ್ಕೆ 15 ದಿನ ಅಥವಾ ಇನ್ನೂ ಮುಂಚೆ ಹಿಂದೆ ಸರಿದರೆ ಪೂರ್ತಿ ಶುಲ್ಕ ಮರಳಿಸಬೇಕು. ಸಂಸ್ಥೆ ಸಂಸ್ಕರಣೆಗೆಂದು ಹೆಚ್ಚೆಂದರೆ ಶುಲ್ಕದ ಶೇ 5, ಅದೂ 5,000 ರೂಪಾಯಿ ಮೀರದಂತೆ, ಹಿಡಿಯಬಹುದು. ತಡವಾದಷ್ಟೂ ಮರಳುವ ಪಾಲು ಶೇ 90, 80, 50 ಎಂದು ಇಳಿಯುತ್ತದೆ. ಕೊನೆಯ ದಿನ ಕಳೆದು 30 ದಿನ ದಾಟಿದರೆ ಏನೂ ಸಿಗುವುದಿಲ್ಲ. ಮೂಲ ಅಂಕಪಟ್ಟಿಗಳನ್ನು ಕಾಲೇಜು ಇಟ್ಟುಕೊಳ್ಳುವಂತೆಯೇ ಇಲ್ಲ. ಆದರೂ ವಿಶ್ವವಿದ್ಯಾಲಯದ ಪತ್ರದ ಕೊನೆಯ ಸಾಲು ‘ಸ್ಕಾಲರ್‌ಶಿಪ್ ಸ್ವೀಕರಿಸಿದ ನಂತರ ಹಣ ಮರಳಿಸಲಾಗುವುದಿಲ್ಲ’ ಎನ್ನುತ್ತದೆ. ಇಂಥ ಸಾಲು ಬರೆದವರಿಂದ ಹಣ ವಾಪಸ್ ಪಡೆಯಲು ಯುಜಿಸಿಯ ಇ-ಸಮಾಧಾನ್ ಪೋರ್ಟಲ್‌ನಲ್ಲಿ ದೂರು ಕೊಟ್ಟು ತಿಂಗಳುಗಟ್ಟಲೆ ಕಾಯಬೇಕಾದೀತು. ಅಡವಿಟ್ಟ ಬಂಗಾರದ ಬಡ್ಡಿ ಅಷ್ಟು ದಿನವೂ ಓಡುತ್ತಿರುತ್ತದೆ.

ಫೋನಿನಲ್ಲಿ ಮಾತಾಡುವ ಆ ಹುಡುಗ ಅಥವಾ ಹುಡುಗಿಯ ಮೇಲೆ ಸಿಟ್ಟಾಗಬೇಡಿ, ಅವರು ಸಂಬಳಕ್ಕೆ ದುಡಿಯುವವರು. ಆದರೆ ಫೋನಿನಲ್ಲಿ ಏನನ್ನೂ ಒಪ್ಪಬೇಡಿ. ಮಗಳ ಕೈಯಲ್ಲಿ ಪ್ರವೇಶ ವಿಭಾಗಕ್ಕೆ ಇ-ಮೇಲ್ ಬರೆಸಿ. ಸಿಇಟಿ ಮೊದಲ ಸುತ್ತಿನ ಹಂಚಿಕೆಯವರೆಗೆ ಗಡುವು ವಿಸ್ತರಿಸಿ ಎಂದು ಕೇಳಲಿ. ಇದೇ ಸ್ಕಾಲರ್‌ಶಿಪ್ ಪಡೆದವರಲ್ಲಿ ಎಷ್ಟು ಮಂದಿ ಅದನ್ನು ಎರಡನೇ ವರ್ಷಕ್ಕೂ ಉಳಿಸಿಕೊಂಡರು ಎಂದು ಕೇಳಲಿ. ಒಮ್ಮೆ ಕಳೆದುಕೊಂಡವರು ಅಂಕ ಸುಧಾರಿಸಿದರೆ ಮತ್ತೆ ಸಿಗುತ್ತದೆಯೇ, ಕುಟುಂಬದ ಆದಾಯ ನೋಡಿ ಕೊಡುವ ನೆರವು ಬೇರೆ ಇದೆಯೇ, ನಾಲ್ಕು ವರ್ಷದಲ್ಲಿ ಶುಲ್ಕ ಎಷ್ಟು ಏರಬಹುದು, ನಡುವೆ ಬಿಟ್ಟರೆ ಸ್ಕಾಲರ್‌ಶಿಪ್ ಹಣ ಹಿಂದಿರುಗಿಸಬೇಕೇ, ಇವಕ್ಕೂ ಬರವಣಿಗೆಯಲ್ಲೇ ಉತ್ತರ ಬೇಕು. ನೇರವಾಗಿ ಉತ್ತರಿಸುವ ಸಂಸ್ಥೆಯಾದರೆ ಅದರ ಬಗ್ಗೆ ನನ್ನ ಗೌರವ ಹೆಚ್ಚುತ್ತದೆ, ಆಗ ಈ ಸೀಟನ್ನು ಎರಡನೇ ಆಯ್ಕೆಯಾಗಿ ಇಟ್ಟುಕೊಳ್ಳಿ.

ಸಿಇಟಿಯಲ್ಲಿ ಮನಸ್ಸಿಗೆ ಬಂದದ್ದು ಸಿಗದೆ ಕೊನೆಗೆ ಅಲ್ಲಿಗೇ ಸೇರುವುದಾದರೆ, ಆಗಲೂ ಬಂಗಾರ ಮುಟ್ಟಬೇಡಿ, ಮೊದಲು ಬ್ಯಾಂಕಿಗೆ ಹೋಗಿ. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಅಡಮಾನವಿಲ್ಲದೆ ಶಿಕ್ಷಣ ಸಾಲ ಸಿಗುತ್ತದೆ. ಆದಾಯ 8 ಲಕ್ಷದೊಳಗಿನ ಮನೆಗೆ 10 ಲಕ್ಷದವರೆಗಿನ ಸಾಲದ ಮೇಲೆ ಶೇ 3 ಬಡ್ಡಿ ನೆರವೂ ಇದೆ. ಎನ್‌ಐಆರ್‌ಎಫ್ ಶ್ರೇಯಾಂಕ ನೋಡಿ ಆಯ್ದ ಸಂಸ್ಥೆಗಳಿಗೆ ಮಾತ್ರ ಇದು ಅನ್ವಯ, ಮ್ಯಾನೇಜ್‌ಮೆಂಟ್ ಕೋಟಾದವರಿಗೆ ಇಲ್ಲ. ಆದ್ದರಿಂದ ನಿಮ್ಮ ಮಗಳ ಪ್ರವೇಶ ಯಾವ ಕೋಟಾದಡಿ ದಾಖಲಾಗುತ್ತದೆ ಎಂಬುದನ್ನೂ ಅದೇ ಇ-ಮೇಲಿನಲ್ಲಿ ಕೇಳಿ.

ಇ-ಮೇಲ್ ಇವತ್ತೇ ಹೋಗಲಿ. ನಾಳೆ ಬೆಳಿಗ್ಗೆ ನಾಡಕಚೇರಿಗೆ ಹೋಗಿ ಬನ್ನಿ. ಸಿಇಟಿ ಫಲಿತಾಂಶ ಬಂದ ದಿನ ರ್‍ಯಾಂಕ್ ಬರೆದು ಕಳಿಸಿ, ಆಪ್ಷನ್ ಪಟ್ಟಿಯನ್ನು ಕೂತು ಮಾಡೋಣ.