ಹಳೆಯ ಒಡಲು, ಹೊಸ ಎಂಜಿನು: ನಮ್ಮ ಹೆಲಿಕಾಪ್ಟರುಗಳ ಮರುನಿರ್ಮಾಣ

ಗದಗ-ಬೆಟಗೇರಿ, ಮುಂಡರಗಿ, ಶಿರಹಟ್ಟಿ ಕಡೆಯ ವಿದ್ಯಾರ್ಥಿಗಳು ಕಪ್ಪತಗುಡ್ಡದ ಸೀಮೆಯಲ್ಲಿ ಸಾಲಾಗಿ ನಿಂತಿರುವ ಗಾಳಿಯಂತ್ರಗಳನ್ನು ನೋಡಿಯೇ ಇರುತ್ತಾರೆ. ಬೀಸುವ ಗಾಳಿಯು ಅವುಗಳ ನೀಳವಾದ ಅಲಗುಗಳನ್ನು ತಿರುಗಿಸುತ್ತದೆ. ಆ ತಿರುಗಣೆಯಿಂದ ವಿದ್ಯುತ್ತು ಹುಟ್ಟುತ್ತದೆ. ಈ ಕ್ರಮವನ್ನೇ ತಿರುವುಮುರುವು ಮಾಡೋಣ. ಎಂಜಿನಿನ ಶಕ್ತಿಯಿಂದ ಅಲಗುಗಳನ್ನು ತಿರುಗಿಸಿ, ಗಾಳಿಯನ್ನು ಕೆಳಕ್ಕೆ ನೂಕಿದರೆ ಏನಾಗುವುದು? ನೂಕಿಸಿಕೊಂಡ ಗಾಳಿಯು ಅಷ್ಟೇ ಬಲದಿಂದ ಅಲಗುಗಳನ್ನು ಮೇಲಕ್ಕೆ ಒತ್ತುವುದು. ಹೆಲಿಕಾಪ್ಟರು ನೆಲವನ್ನು ಬಿಟ್ಟು ಏಳುವುದು ಇಷ್ಟರಿಂದಲೇ. ನ್ಯೂಟನ್ನನ ಮೂರನೆಯ ನಿಯಮವನ್ನು ಬಲ್ಲವರಿಗೆ ಇದರಲ್ಲಿ ಸೋಜಿಗವೇನೂ ಇಲ್ಲ.

ತೊಡಕು ಇರುವುದು ನೂಕಬೇಕಾದ ಗಾಳಿಯಲ್ಲಿ. ಗದಗವು ಸಮುದ್ರಮಟ್ಟದಿಂದ ಸುಮಾರು 650 ಮೀಟರು ಎತ್ತರದಲ್ಲಿದೆ. ಅಲ್ಲಿ ವಾಯುವಿನ ಒತ್ತಡವು ಸಮುದ್ರತೀರದಲ್ಲಿರುವುದಕ್ಕಿಂತ ನೂರಕ್ಕೆ ಏಳರಷ್ಟು ಕಡಿಮೆ. ಬೇಸಗೆಯ ಮಧ್ಯಾಹ್ನ ಉಷ್ಣತೆಯು 40 ಡಿಗ್ರಿಗೆ ಏರಿತೆಂದು ಇಟ್ಟುಕೊಳ್ಳೋಣ. ಕಾದ ಗಾಳಿ ಹಿಗ್ಗಿ ಇನ್ನಷ್ಟು ತೆಳುವಾಗುತ್ತದೆ. ಎರಡನ್ನೂ ಕೂಡಿಸಿ ಲೆಕ್ಕ ಹಾಕಿದರೆ ಗಾಳಿಯ ಸಾಂದ್ರತೆಯು ಸಮುದ್ರಮಟ್ಟದ ವಾಡಿಕೆಯ ಬೆಲೆಯ ನೂರಕ್ಕೆ 85 ಭಾಗ ಮಾತ್ರ ಉಳಿಯುವುದು. ಅಂದರೆ ಬೆಟಗೇರಿಯ ಬಯಲಿನಲ್ಲಿ ನಿಂತ ಹೆಲಿಕಾಪ್ಟರಿಗೆ ಆ ಹೊತ್ತಿನಲ್ಲಿ ತಾನು ಸುಮಾರು 1,600 ಮೀಟರಿನ ಬೆಟ್ಟದ ಮೇಲೆ ನಿಂತಂತೆ! ಕಾಲೇಜಿನ ವಿದ್ಯಾರ್ಥಿಗಳು ಅನಿಲ ನಿಯಮವನ್ನು ಹಿಡಿದು ಈ ಲೆಕ್ಕವನ್ನು ತಾವೇ ಮಾಡಿ ನೋಡಬಹುದು.

ಈಗ ನಾವು 6,000 ಮೀಟರಿಗೆ ಏರೋಣ. ಸಿಯಾಚಿನ್ ಹಿಮನದಿಯ ಮೇಲಣ ಕೆಲವು ಠಾಣೆಗಳು ಹೆಚ್ಚು ಕಡಿಮೆ ಈ ಎತ್ತರದಲ್ಲಿವೆ. ಲಕ್ಷ್ಮೇಶ್ವರದ ನೆರೆಯ ಕುಂದಗೋಳ ತಾಲ್ಲೂಕಿನ ಬೆಟದೂರಿನವರಾದ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದರು 2016ರ ಫೆಬ್ರವರಿ 3ರಂದು ತಮ್ಮ ಒಂಬತ್ತು ಮಂದಿ ಸಂಗಡಿಗರೊಡನೆ ಹಿಮಪಾತಕ್ಕೆ ಸಿಕ್ಕಿದ್ದು ಇಂಥ ಒಂದು ಠಾಣೆಯಲ್ಲಿ. ಆರು ದಿನ ಹಿಮದಡಿಯಲ್ಲಿದ್ದು ಜೀವಂತವಾಗಿ ದೊರೆತ ಅವರನ್ನು ಕೆಳಗಿಳಿಸಿ ತಂದುದು ಹೆಲಿಕಾಪ್ಟರೇ. ದಿಲ್ಲಿಯ ಆಸ್ಪತ್ರೆಯಲ್ಲಿ ಫೆಬ್ರವರಿ 11ರಂದು ಅವರು ತೀರಿಕೊಂಡರು. ರಸ್ತೆಯೆಂಬುದೇ ಇಲ್ಲದ ಆ ಸ್ಥಳಗಳಲ್ಲಿ ಅನ್ನ, ಎಣ್ಣೆ, ಔಷಧ, ಗಾಯಾಳು ಎಲ್ಲಕ್ಕೂ ಹೆಲಿಕಾಪ್ಟರೇ ಗತಿ. ಹಾಗಿರುವಾಗ ಆ ಎತ್ತರದಲ್ಲಿ ಯಂತ್ರವು ಎಷ್ಟು ಭಾರ ಹೊರಬಲ್ಲದು ಎಂಬುದು ಬರಿಯ ಪುಸ್ತಕದ ಪ್ರಶ್ನೆಯಲ್ಲ.

6,000 ಮೀಟರಿನಲ್ಲಿ ಗಾಳಿಯ ಸಾಂದ್ರತೆಯು ಸಮುದ್ರಮಟ್ಟದ್ದರಲ್ಲಿ ಅರ್ಧಕ್ಕಿಂತ ತುಸುವೇ ಹೆಚ್ಚು. ಒಂದೇ ಭಾರವನ್ನು ಗಾಳಿಯಲ್ಲಿ ನಿಶ್ಚಲವಾಗಿ ಎತ್ತಿ ಹಿಡಿಯಲು ಬೇಕಾಗುವ ಶಕ್ತಿಯು ಸಾಂದ್ರತೆಯ ವರ್ಗಮೂಲಕ್ಕೆ ವಿಲೋಮವಾಗಿರುತ್ತದೆ. ಆದಕಾರಣ ಅಲ್ಲಿ ಮೂರರಲ್ಲೊಂದು ಪಾಲಿಗಿಂತಲೂ ಹೆಚ್ಚು ಶಕ್ತಿ ಬೇಕಾಗುತ್ತದೆ. ಆದರೆ ಎಂಜಿನೂ ಅದೇ ತೆಳುಗಾಳಿಯನ್ನೇ ಉಸಿರಾಡಬೇಕಷ್ಟೆ! ಬೇಡಿಕೆ ಏರಿದಂತೆ ಅದರ ಕಸುವು ಇಳಿಯುತ್ತದೆ. ಈ ಇಕ್ಕಟ್ಟಿನಿಂದ ಪಾರಾಗುವ ಉಪಾಯವೇ ಮರುನಿರ್ಮಾಣದ ಕಥೆ.

ಬೆಂಗಳೂರಿನ ವಿಮಾನ ಕಾರ್ಖಾನೆಯು 1940ರಲ್ಲಿ ಮೈಸೂರು ಸರ್ಕಾರದ ನೆರವಿನಿಂದ ವಾಲ್‌ಚಂದ್ ಹೀರಾಚಂದರು ಸ್ಥಾಪಿಸಿದುದು. 1964ರಿಂದ ಅದಕ್ಕೆ ಹಿಂದೂಸ್ತಾನ್ ಏರೋನಾಟಿಕ್ಸ್ ಲಿಮಿಟೆಡ್, ಅರ್ಥಾತ್ ಎಚ್.ಎ.ಎಲ್. ಎಂದು ಹೆಸರು. ಫ್ರಾನ್ಸಿನ ಸೂದ್ ಏವಿಯೇಷನ್ ಸಂಸ್ಥೆಯೊಡನೆ 1962ರಲ್ಲಿ ಮಾಡಿಕೊಂಡ ಒಪ್ಪಂದದ ಮೇರೆಗೆ ಆಲುಎತ್-3 ಎಂಬ ಹೆಲಿಕಾಪ್ಟರು ಇಲ್ಲಿ 'ಚೇತಕ್' ಎಂಬ ಹೆಸರಿನಿಂದ ತಯಾರಾಯಿತು. ಆದರೆ ಹಿಮಾಲಯದ ಎತ್ತರಕ್ಕೆ ಇನ್ನೂ ಹಗುರವಾದ ಯಂತ್ರ ಬೇಕಾಗಿತ್ತು. ಫ್ರೆಂಚ್ ತಂತ್ರಜ್ಞರು ಭಾರತದ ಈ ಬೇಡಿಕೆಗಾಗಿ ಮಾಡಿದ ಕೆಲಸ ಬಹಳ ಜಾಣತನದ್ದು. ಹಿಂದಿನ ಆಲುಎತ್-2ರ ಹಗುರವಾದ ಒಡಲನ್ನು ಬಲಪಡಿಸಿ, ಅದಕ್ಕೆ ಆಲುಎತ್-3ರ ಎಂಜಿನನ್ನೂ ಅಲಗುಚಕ್ರವನ್ನೂ ಕೂಡಿಸಿಬಿಟ್ಟರು. 1969ರಲ್ಲಿ ಹಾರಿದ ಈ 'ಲಾಮಾ' ನಮ್ಮಲ್ಲಿ 'ಚೀತಾ' ಆಯಿತು. ಅದರ ಎಂಜಿನಿಗೆ 870 ಅಶ್ವಶಕ್ತಿಯಷ್ಟು ತ್ರಾಣವಿದ್ದರೂ, ಬಳಕೆಗೆ ಬಿಟ್ಟದ್ದು 550 ಅಶ್ವಶಕ್ತಿ ಮಾತ್ರ. ಇದು ಜಿಪುಣತನವೆಂದು ಭಾವಿಸಬಾರದು. ಏರುತ್ತ ಹೋದಂತೆ ತ್ರಾಣ ಕುಗ್ಗಿದರೂ, ಬಹಳ ಎತ್ತರದವರೆಗೆ ಆ 550 ಮಾತ್ರ ಕೈಬಿಡದು. 1972ರ ಜೂನ್ 21ರಂದು ಜ್ಯಾಂ ಬುಲೆ ಎಂಬ ಚಾಲಕರು ಲಾಮಾದಲ್ಲಿ 12,442 ಮೀಟರು ಏರಿದರು.

ಇದೇ ಉಪಾಯವನ್ನು ಎಚ್.ಎ.ಎಲ್. ಮತ್ತೊಮ್ಮೆ ಪ್ರಯೋಗಿಸಿತು. ಚೀತಾದ ಹಳೆಯ ಎಂಜಿನನ್ನು ತೆಗೆದು, ಟರ್ಬೋಮೆಕಾ ಸಂಸ್ಥೆಯ ಹೊಸ ಟಿ.ಎಂ.333 ಎಂಜಿನನ್ನು ಕೂರಿಸಿದಾಗ 'ಚೀತಲ್' ಆಯಿತು. ಚೇತಕ್‌ಗೆ ಅದನ್ನೇ ಕೂರಿಸಿದಾಗ 'ಚೇತನ್'. ಹೊಸ ಎಂಜಿನಿಗೆ ಬಲ ಹೆಚ್ಚು, ಇಂಧನದ ಹಸಿವು ಕಡಿಮೆ. ಇಂಧನವನ್ನು ಎಷ್ಟು ಬಿಡಬೇಕೆಂಬುದನ್ನು ಅದರ ವಿದ್ಯುನ್ಮಾನ ಯಂತ್ರವೇ ನಿರ್ಣಯಿಸುವುದರಿಂದ ಚಾಲಕನ ಒಂದು ಚಿಂತೆ ತಪ್ಪಿತು.

ಹಾಗಾದರೆ ಎಲ್ಲ ಹಳೆಯ ಯಂತ್ರಗಳಿಗೂ ಹೀಗೆಯೇ ಏಕೆ ಮಾಡಬಾರದು? ಬೆಟಗೇರಿಯ ನೇಕಾರರನ್ನು ಕೇಳಿದರೆ ಉತ್ತರ ಸಿಕ್ಕೀತು. ಕೈಮಗ್ಗದ ಹಳೆಯ ಚೌಕಟ್ಟಿಗೆ ಬಲವಾದ ಮೋಟಾರನ್ನು ಕಟ್ಟಿದರೆ ಲಾಳಿಯೇನೋ ಬೇಗ ಓಡೀತು; ಕೀಲುಗಳು ಆ ಅದುರನ್ನು ಎಷ್ಟು ದಿನ ತಾಳಿಯಾವು? ಹೆಲಿಕಾಪ್ಟರಿನ ಲೋಹವೂ ಪ್ರತಿ ಸುತ್ತಿಗೆ ಒಮ್ಮೆ ಬಾಗಿ, ಒಮ್ಮೆ ಸೆಟೆದು ದಣಿಯುತ್ತದೆ. ಚಾಲಕನ ಮುಂದಿನ ಉಪಕರಣಗಳೂ ಹಳೆಯ ಕಾಲದವಾಗಿ ಉಳಿದಿರುತ್ತವೆ. ಚೀತಾ ಮತ್ತು ಚೇತಕ್‌ಗಳನ್ನು ನಿವೃತ್ತಗೊಳಿಸಬೇಕೆಂದು 2015ರಲ್ಲಿ ಸೇನಾಧಿಕಾರಿಗಳ ಪತ್ನಿಯರೇ ರಕ್ಷಣಾ ಮಂತ್ರಿಗಳ ಬಳಿಗೆ ಹೋಗಿ ಕೇಳಿಕೊಂಡರು. ದುರಸ್ತಿ ಮಾಡಿದ ಯಂತ್ರವು ಹೊಸ ಯಂತ್ರ ಬರುವವರೆಗಿನ ಆಸರೆಯೇ ಹೊರತು ತಡಮಾಡುವುದಕ್ಕೆ ನೆಪವಲ್ಲವೆಂದು ನಮ್ಮ ಅಭಿಪ್ರಾಯ.

ಹೊಸ ಯಂತ್ರಗಳಲ್ಲಿ ಮೊದಲನೆಯದು 'ಧ್ರುವ'. ಐದೂವರೆ ಟನ್ನಿನ, ಎರಡು ಎಂಜಿನಿನ ಈ ಯಂತ್ರದ ಮೊದಲ ಹಾರಾಟ 1992ರ ಆಗಸ್ಟ್ 20ರಂದು ಆಯಿತು. ಇದಕ್ಕೂ ಮೊದಲು ಕೂರಿಸಿದ್ದು ಟಿ.ಎಂ.333 ಜಾತಿಯ ಎಂಜಿನೇ. ಎತ್ತರದ ಕೆಲಸಕ್ಕೆ ಅದು ಸಾಲದಾದಾಗ ಟರ್ಬೋಮೆಕಾದೊಡನೆ ಸೇರಿ ಬೆಳೆಸಿದ 'ಶಕ್ತಿ' ಎಂಜಿನು ಬಂದಿತು. ಹೊಸದೂ ಕೂಡ ಹೀಗೆ ಮರುನಿರ್ಮಾಣವಾಗುತ್ತಲೇ ಇರುತ್ತದೆ. ಧ್ರುವಕ್ಕೆ ಆಯುಧಗಳನ್ನು ತೊಡಿಸಿದಾಗ 'ರುದ್ರ'ವಾಯಿತು. ಅದರ ಎಂಜಿನು, ಅಲಗುಚಕ್ರಗಳನ್ನು ಉಳಿಸಿಕೊಂಡು, ಒಡಲನ್ನು ಮಾತ್ರ ಕಿರಿದುಗೊಳಿಸಿ, ಇಬ್ಬರು ಒಬ್ಬರ ಹಿಂದೊಬ್ಬರು ಕೂಡುವಂತೆ ಮಾಡಿದಾಗ 'ಪ್ರಚಂಡ'ವಾಯಿತು.

ಧ್ರುವದ ವಿಷಯದಲ್ಲಿ ಒಂದು ಕಹಿ ಪಾಠವೂ ಇದೆ. ತಿರುಗುವ ಅಲಗುಗಳ ಓರೆಯನ್ನು ನಿಂತಲ್ಲಿಂದ ಬದಲಿಸುವುದು ಹೇಗೆ? ಅದಕ್ಕಾಗಿ ಕಂಬದ ಸುತ್ತ ಎರಡು ಬಳೆಗಳಿರುತ್ತವೆ. ಕೆಳಗಿನದು ತಿರುಗದೆ ಚಾಲಕನ ಕೈಗೆ ಅನುಸಾರವಾಗಿ ಏರುತ್ತದೆ, ಇಳಿಯುತ್ತದೆ, ವಾಲುತ್ತದೆ. ಮೇಲಿನದು ಅಲಗುಗಳೊಡನೆ ತಿರುಗುತ್ತ ಆ ವಾಲನ್ನು ಅವುಗಳಿಗೆ ಮುಟ್ಟಿಸುತ್ತದೆ. ಇದಕ್ಕೆ ಸ್ವಾಶ್‌ಪ್ಲೇಟ್ ಎಂದು ಹೆಸರು. 2025ರ ಜನವರಿ 5ರಂದು ಪೋರಬಂದರದಲ್ಲಿ ಕರಾವಳಿ ರಕ್ಷಣಾ ಪಡೆಯ ಧ್ರುವವೊಂದು ಬಿದ್ದು ಮೂವರು ಮಡಿದರು. ಪರೀಕ್ಷೆಯಲ್ಲಿ ಆ ಸ್ವಾಶ್‌ಪ್ಲೇಟ್ ಬಿರಿದಿದ್ದುದು ಕಂಡುಬಂದಿತು. ಎಲ್ಲ ಧ್ರುವಗಳೂ ತಿಂಗಳುಗಟ್ಟಲೆ ನೆಲದ ಮೇಲೆ ನಿಂತವು. ವಿಮಾನದ ಎಂಜಿನು ನಿಂತರೆ ರೆಕ್ಕೆಗಳು ಅದನ್ನು ತೇಲಿಸಿಯಾವು. ಹೆಲಿಕಾಪ್ಟರಿನ ಎಂಜಿನು ನಿಂತರೂ ಇಳಿಯುವಾಗ ಎದುರಾಗುವ ಗಾಳಿಯೇ ಅಲಗುಗಳನ್ನು ತಿರುಗಿಸಿ, ಕಪ್ಪತಗುಡ್ಡದ ಗಾಳಿಯಂತ್ರದಂತೆ, ಮೆಲ್ಲಗೆ ಇಳಿಸೀತು. ಆದರೆ ಈ ಬಳೆಗೆ ಪರ್ಯಾಯವಿಲ್ಲ.

ಚೀತಾ, ಚೇತಕ್‌ಗಳ ಸ್ಥಾನಕ್ಕೆಂದು ರೂಪಿಸಿದ ಲಘು ಉಪಯೋಗಿ ಹೆಲಿಕಾಪ್ಟರು 2016ರ ಸೆಪ್ಟೆಂಬರ್ 6ರಂದು ಬೆಂಗಳೂರಿನಲ್ಲಿ ಹಾರಿತು. ಇದು ಮೂರು ಟನ್ನಿನ ವರ್ಗದ್ದು. ಶಕ್ತಿ ಎಂಜಿನು ಒಂದೇ. ಇದನ್ನು ಮಾಡಲೆಂದೇ ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ 615 ಎಕರೆಯಲ್ಲಿ ಕಟ್ಟಿದ ಕಾರ್ಖಾನೆಯು 2023ರ ಫೆಬ್ರವರಿ 6ರಂದು ಉದ್ಘಾಟನೆಗೊಂಡಿತು. ಮೊದಲು ವರ್ಷಕ್ಕೆ 30, ಬಳಿಕ 60, 90 ಯಂತ್ರಗಳಿಗೆ ಏರಿಸುವುದು ಉದ್ದೇಶ. 2025ರ ಮಾರ್ಚಿಯಲ್ಲಿ ಸರ್ಕಾರವು ಕೇಳಿದ 156 ಪ್ರಚಂಡಗಳೂ ಬೆಂಗಳೂರು ಮತ್ತು ತುಮಕೂರುಗಳಲ್ಲೇ ತಯಾರಾಗತಕ್ಕವು. ಅವುಗಳಲ್ಲಿ 90 ಭೂಸೇನೆಗೆ, 66 ವಾಯುಸೇನೆಗೆ.

ಇನ್ನೂ ಕಾಗದದ ಮೇಲಿರುವ ದೊಡ್ಡ ಯೋಜನೆಯೆಂದರೆ 13 ಟನ್ನಿನ ಬಹೂಪಯೋಗಿ ಹೆಲಿಕಾಪ್ಟರು. ಅದಕ್ಕೆ 'ಅರಾವಳಿ' ಎಂಬ ಹೊಸ ಎಂಜಿನನ್ನು ಫ್ರಾನ್ಸಿನ ಸಫ್ರಾನ್ ಸಂಸ್ಥೆಯೊಡನೆ ಕೂಡಿ ರೂಪಿಸುವುದೆಂದು 2024ರಲ್ಲಿ ಗೊತ್ತಾಯಿತು. ಈ ಸಲ ಒಡಲು, ಎಂಜಿನು ಎರಡೂ ಒಂದಕ್ಕೊಂದು ತಕ್ಕಂತೆ ಮೊದಲಿನಿಂದಲೇ ಹೊಸದಾಗಿ ಹುಟ್ಟಬೇಕಾಗಿವೆ.