ಗೆಳತಿಯರ ಜೊತೆಗೋ, ಅಪರಿಚಿತರ ನಡುವೆಯೋ?

ಹೈದರಾಬಾದಿನ ಕೂಕಟ್‌ಪಲ್ಲಿಯ ಜೆಎನ್‌ಟಿಯು ವಿಶ್ವವಿದ್ಯಾಲಯದಲ್ಲಿ ಓದುವ ನಿಮ್ಮ ಮಗಳು ಒಂದು ಸೆಮಿಸ್ಟರ್‌ಗೆ ಸ್ವೀಡನ್ನಿನ ಕಾರ್ಲ್ಸ್‌ಕ್ರೋನಾಕ್ಕೆ ಹೊರಟಿದ್ದಾಳೆ. ಅಲ್ಲಿ ಅವಳು ಇಲ್ಲಿಂದ ಹೋಗುವ ಗೆಳತಿಯರ ಜೊತೆಗೇ ಇರಲಿ ಎಂಬುದು ನಿಮ್ಮ ಹಟ, ಅವಳಿಗೆ ಅದು ಬೇಡ. ಶುರುವಿನ ವಾರಗಳ ಮಟ್ಟಿಗೆ ನಿಮ್ಮ ಮಾತು ಸರಿ, ಆಮೇಲಿನದಕ್ಕೆ ಅವಳದೇ ಸರಿ. 1955ರಲ್ಲಿ ನಾರ್ವೆಯ ಸಮಾಜಶಾಸ್ತ್ರಜ್ಞ ಸ್ವೆರೆ ಲಿಸ್ಗಾರ್ಡ್, ಅಮೆರಿಕಕ್ಕೆ ಹೋದವರು ಮೊದಲು ಹಿಗ್ಗಿ, ಕೆಲ ತಿಂಗಳಿಗೆ ಕುಗ್ಗಿ, ಮತ್ತೆ ಚೇತರಿಸಿಕೊಳ್ಳುತ್ತಾರೆ ಎಂದರು. ಆದರೆ 1998ರಲ್ಲಿ ಮನಶ್ಶಾಸ್ತ್ರಜ್ಞೆ ಕಾಲೀನ್ ವಾರ್ಡ್ ಮತ್ತು ಸಂಗಡಿಗರು ನ್ಯೂಜಿಲೆಂಡಿನ ಜಪಾನಿ ವಿದ್ಯಾರ್ಥಿಗಳನ್ನು ಗಮನಿಸಿದಾಗ, ಕಾಲಿಟ್ಟ ಹೊತ್ತೇ ಎಲ್ಲಕ್ಕಿಂತ ಕಷ್ಟದ್ದೆಂದು ಕಂಡಿತು. ನನಗೆ ಎರಡನೆಯದೇ ಹೆಚ್ಚು ನಂಬಿಕೆ. ಆ ಹೊತ್ತಿಗೆ ತನ್ನ ಭಾಷೆಯವರು ಹತ್ತಿರವಿದ್ದರೆ ಒಳ್ಳೆಯದೇ.

ಹಾಗಿದ್ದರೆ ಕೊನೆತನಕ ಅವರೇ ಇದ್ದರೇನು ನಷ್ಟ ಎಂದು ನೀವು ಕೇಳಬಹುದು. ಸ್ವೀಡನ್ನಿನಲ್ಲಿ ಪ್ರಾಧ್ಯಾಪಕರನ್ನೂ ಹೆಸರು ಹಿಡಿದು ಕರೆಯುತ್ತಾರೆ. ಕಟ್ಟಡದ ಬಟ್ಟೆ ಒಗೆಯುವ ಕೋಣೆಗೆ ಮೊದಲೇ ಸಮಯ ಕಾದಿರಿಸಬೇಕು, ಮೀರಿದರೆ ನೆರೆಯವರ ಸಿಟ್ಟಿನ ಚೀಟಿ ಬಾಗಿಲಿಗೆ ಅಂಟಿರುತ್ತದೆ. ಇಂಥವು ಅಲ್ಲಿಯವರ ಜೊತೆ ಒಂದೇ ಅಡುಗೆಮನೆ ಹಂಚಿಕೊಂಡರಷ್ಟೇ ರೂಢಿಯಾಗುತ್ತವೆ. ತೆಲುಗರ ನಡುವೆ ಕನ್ನಡ ಮಾತಾಡುತ್ತಾ ಬೆಳೆದ ಹುಡುಗಿಗೆ ಎರಡು ಲೋಕಗಳಲ್ಲಿ ಓಡಾಡುವುದು ಹೊಸದೇನಲ್ಲ (ಇದನ್ನು ನೀವೇ ಮರೆತಂತಿದೆ). ಸುರಕ್ಷತೆಯ ಚಿಂತೆಯಿದ್ದರೆ ಅಲ್ಲಿನ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ಕಚೇರಿಯ ಸಂಖ್ಯೆ ಬರೆದಿಟ್ಟುಕೊಳ್ಳಿ. ವಿಡಿಯೊ ಕರೆ ವಾರಕ್ಕೆರಡು ಸಾಕು. ಸಾರಿನ ಪುಡಿ ಕಳಿಸಿ, ತುಪ್ಪ ಮಾತ್ರ ಬೇಡ: ಐರೋಪ್ಯ ಒಕ್ಕೂಟದೊಳಕ್ಕೆ ಹೊರಗಿನ ಹಾಲಿನ ಪದಾರ್ಥ ಒಯ್ಯುವಂತಿಲ್ಲ.