ಫಸ್ಟ್ ಕಾಪಿ ಸ್ನೀಕರ್ಸ್ ಮಾರಬಹುದೇ?

ಪ್ರಶ್ನೆ: ನಾನು ಅಂತಿಮ ವರ್ಷದ ಬಿ.ಕಾಂ. ವಿದ್ಯಾರ್ಥಿ. ದೆಹಲಿಯ ಕರೋಲ್ ಬಾಗ್‌ನಲ್ಲಿ ಫಸ್ಟ್ ಕಾಪಿ ಸ್ನೀಕರ್ಸ್ ಹೋಲ್‌ಸೇಲ್‌ನಲ್ಲಿ ಜೋಡಿಗೆ 900 ರೂಪಾಯಿಗೆ ಸಿಗುತ್ತವೆ. ಇನ್‌ಸ್ಟಾಗ್ರಾಂನಲ್ಲಿ 1,800ಕ್ಕೆ ಮಾರಬಹುದು ಎನ್ನುತ್ತಾರೆ ಗೆಳೆಯರು. ಒರಿಜಿನಲ್ ಅಲ್ಲ ಎಂದು ಗಿರಾಕಿಗೆ ಮೊದಲೇ ಹೇಳಿಬಿಟ್ಟರೆ ತೊಂದರೆ ಇಲ್ಲ ಅಲ್ಲವೇ?
– ಓದುಗ, ದಾವಣಗೆರೆ

ಉತ್ತರ: ತೊಂದರೆ ಇದೆ. ಗಿರಾಕಿಗೆ ನಿಜ ಹೇಳಿದರೆ ಅವರಿಗೆ ಮೋಸವಾಗುವುದಿಲ್ಲ, ಅಷ್ಟೇ. ಆದರೆ ಬ್ರ್ಯಾಂಡಿನ ಗುರುತನ್ನು ಅನುಮತಿಯಿಲ್ಲದೆ ಒತ್ತಿದ ಸರಕು ಮಾರಿದ ಅಪರಾಧ ಹಾಗೆಯೇ ಉಳಿಯುತ್ತದೆ.

1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 104ನೇ ಸೆಕ್ಷನ್ ಪ್ರಕಾರ ಇಂಥ ಸರಕು ಮಾರಿದವರಿಗೆ 6 ತಿಂಗಳಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ವಿಶೇಷ ಕಾರಣವಿದ್ದರೆ ಮಾತ್ರ ನ್ಯಾಯಾಲಯ ಇದನ್ನು ಕಡಿಮೆ ಮಾಡಬಹುದು. ಮಾರಲೇಬೇಕೆಂದಿಲ್ಲ, ಮಾರಲೆಂದು ಮನೆಯಲ್ಲಿ ಇಟ್ಟುಕೊಂಡರೂ ಸಾಕು. ನಕಲಿ ಎಂದು ಗೊತ್ತಿರಲಿಲ್ಲ ಎನ್ನುವವರಿಗೆ ಕಾಯ್ದೆಯಲ್ಲಿ ಒಂದು ರಕ್ಷಣೆ ಇದೆ. ‘ಫಸ್ಟ್ ಕಾಪಿ’ ಎಂದು ನೀವೇ ಬರೆದು ಹಾಕಿದರೆ ಆ ರಕ್ಷಣೆಯೂ ಕೈತಪ್ಪುತ್ತದೆ. ಡಿವೈಎಸ್ಪಿ ದರ್ಜೆಯ ಅಧಿಕಾರಿ, ಟ್ರೇಡ್ ಮಾರ್ಕ್ ರಿಜಿಸ್ಟ್ರಾರ್ ಅಭಿಪ್ರಾಯ ಪಡೆದು, ವಾರಂಟ್ ಇಲ್ಲದೆಯೇ ಸರಕು ಜಪ್ತಿ ಮಾಡಬಹುದು. ಪರಿಹಾರ ಕೋರಿ ಕಂಪನಿ ಸಿವಿಲ್ ದಾವೆಯನ್ನೂ ಹೂಡಬಹುದು.

ಈಗ ಲಾಭದ ಲೆಕ್ಕ. ಜೋಡಿಗೆ 900 ಉಳಿಯುತ್ತದೆ ಎಂದುಕೊಂಡಿದ್ದೀರಿ. ದೆಹಲಿಯಿಂದ ತರಿಸುವ ಸಾಗಣೆ, ಗಿರಾಕಿಗೆ ಕಳಿಸುವ ಕೊರಿಯರ್, ಜಾಹೀರಾತು ಇವೆಲ್ಲ ಅದರಲ್ಲೇ ಹೋಗಬೇಕು. ಕ್ಯಾಶ್ ಆನ್ ಡೆಲಿವರಿಯಲ್ಲಿ ಗಿರಾಕಿ ಪಾರ್ಸೆಲ್ ಬೇಡವೆಂದರೆ ಹೋಗಿಬರುವ ಖರ್ಚು ನಿಮ್ಮದು. 8, 9ನೇ ಸೈಜು ಬೇಗ ಹೋಗುತ್ತವೆ, 6 ಮತ್ತು 11 ಮೂಲೆಯಲ್ಲಿ ಉಳಿಯುತ್ತವೆ. ಮೊದಲ ಮಳೆಗೇ ಸೋಲ್ ಬಿಟ್ಟುಕೊಂಡರೆ ಗಿರಾಕಿ ಬರುವುದು ನಿಮ್ಮ ಹತ್ತಿರ. ನೀವು ಸಗಟು ವ್ಯಾಪಾರಿಯನ್ನು ಹೋಗಿ ಕೇಳೋಣವೆಂದರೆ ಕೈಯಲ್ಲಿ ಬಿಲ್ಲೇ ಇಲ್ಲ. ಇದೆಲ್ಲವನ್ನೂ ಮರೆತು 900 ಪೂರ್ತಿ ಉಳಿಯಿತೆಂದೇ ಹಿಡಿದರೂ, 50 ಸಾವಿರ ದಂಡ ತುಂಬಲು 56 ಜೋಡಿಯ ಲಾಭ ಬೇಕು.

ಈ ವ್ಯಾಪಾರದಲ್ಲಿ ಯಾರ ಮುಖ ಹೊರಗೆ ಕಾಣುತ್ತದೆ ಎಂದು ಯೋಚಿಸಿ. ಸರಕು ನಕಲಿ ಶೂಗಳಿಗೆ ಹೆಸರಾದ ಚೀನಾದ ಪುಟಿಯಾನ್ ನಗರದ್ದಾದರೆ ಅಲ್ಲಿನ ಕಾರ್ಖಾನೆಯವನು ನಿಮಗೆ ಗೊತ್ತಿಲ್ಲ. ದೆಹಲಿಯ ಸಗಟು ವ್ಯಾಪಾರಿ ವಾಟ್ಸ್ಆ್ಯಪ್ ನಂಬರ್ ಬದಲಿಸಿದರೆ ಅವನೂ ಸಿಗುವುದಿಲ್ಲ. ಫೋಟೊ, ಫೋನ್ ನಂಬರ್, ಯುಪಿಐ ಖಾತೆ, ಮನೆ ವಿಳಾಸ ಎಲ್ಲವೂ ಬಹಿರಂಗವಾಗಿರುವುದು ನಿಮ್ಮದೊಬ್ಬರದೇ. ದೂರು ಬಂದ ದಿನ ಮೊದಲು ಸಿಕ್ಕಿಬೀಳುವವರೂ ನೀವೇ.

ಈ ದಂಧೆಯಿಂದ ಸಿಗುವ ನಿಜವಾದ ಗಳಿಕೆ ಅನುಭವ: ಸೈಜಿನ ಲೆಕ್ಕ, ಚೆಂದದ ಫೋಟೊ, ಗಿರಾಕಿಯ ಜತೆ ಮಾತು. ಅದನ್ನು ನೇರ ದಾರಿಯಲ್ಲೂ ಕಲಿಯಬಹುದು. ಹರಿಯಾಣದ ಬಹಾದುರ್‌ಗಢ, ಉತ್ತರ ಪ್ರದೇಶದ ಆಗ್ರಾ ಎರಡೂ ದೊಡ್ಡ ಪಾದರಕ್ಷೆ ಕೇಂದ್ರಗಳು. ಅಲ್ಲಿಂದ ಬೇರೆಯವರ ಲೋಗೊ ಇಲ್ಲದ ಶೂ ತರಿಸಿ. ಒರಿಜಿನಲ್ ಶೂ ಕೊಂಡು ಮರುಮಾರಾಟ ಮಾಡುವುದೂ ಕಾನೂನುಬದ್ಧ. ಅದೇ ಕಾಯ್ದೆಯ 30(3) ಸೆಕ್ಷನ್ ಅದಕ್ಕೆ ಅವಕಾಶ ಕೊಡುತ್ತದೆ. ಆದರೆ ಅಸಲಿ, ನಕಲಿ ಗುರುತಿಸುವುದು ಸುಲಭವಲ್ಲ. ಅಸಲಿತನ ಪರೀಕ್ಷಿಸಿಯೇ ಮಾರುತ್ತೇವೆ ಎನ್ನುತ್ತಿದ್ದ ಅಮೆರಿಕದ ಸ್ಟಾಕ್‌ಎಕ್ಸ್ ಕಂಪನಿಯೇ 37 ಜೋಡಿ ನಕಲಿ ನೈಕಿ ಶೂ ಮಾರಿದ್ದಕ್ಕೆ ಹೊಣೆ ಎಂದು 2025ರಲ್ಲಿ ನ್ಯೂಯಾರ್ಕ್‌ನ ನ್ಯಾಯಾಲಯ ಹೇಳಿತು. ಆದ್ದರಿಂದ ಅಧಿಕೃತ ಅಂಗಡಿಯ ಬಿಲ್ ಇಲ್ಲದ ಜೋಡಿಗೆ ಕೈಹಾಕಬೇಡಿ.

ಮುಂಗಡ ಕಳಿಸುವ ಮುನ್ನ ಸಗಟು ವ್ಯಾಪಾರಿಯನ್ನು ಒಂದೇ ಮಾತು ಕೇಳಿ: ಬ್ರ್ಯಾಂಡಿನ ಹೆಸರು ಬರೆದು ಜಿಎಸ್‌ಟಿ ಬಿಲ್ ಕೊಡುತ್ತೀರಾ? ಇಲ್ಲ ಎಂದರೆ ಹಣ ಕಳಿಸಬೇಡಿ.